ರೀಪರ್‌ನಲ್ಲಿ ಚಟಪಟ ಸದ್ದು ಬರ್ತಿದ್ರೆ ಮೊದಲು ಕೆಂಪು ಬಟನ್ ನೋಡಿ

ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಹಾಡು ಕಡಿದು ಕಡಿದು ಕೇಳಿಸ್ತಿದ್ರೆ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಲೆಕ್ಕ ಹಾಕೋ ದನಿಯ ತುಣುಕು) ಮುಟ್ಟೋಕೆ ಮೊದಲು ಟ್ರ್ಯಾಕ್‌ಗಳ ಕೆಂಪು ರೆಕಾರ್ಡ್ ಬಟನ್ ನೋಡಿ. ಈಗ ಹಾಡ್ತಿರೋ ಟ್ರ್ಯಾಕ್ ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿ. ನಾವು ತತ್ವಪದ ರೆಕಾರ್ಡ್ ಮಾಡುವಾಗ ಹಾರ್ಮೋನಿಯಂ, ತಬಲಾ, ತಾಳ ಎಲ್ಲ ಮುಗಿದ ಮೇಲೂ ಆ ಕೆಂಪು ದೀಪ ಹಾಗೇ ಉರೀತಾ ಇರುತ್ತೆ, ಅಲ್ವಾ? ಮುಗಿದ ಟ್ರ್ಯಾಕ್‌ನಲ್ಲಿ ಮುಂದೆ ಏನಿದೆ ಅಂತ ಸಾಫ್ಟ್‌ವೇರ್‌ಗೆ ಗೊತ್ತು, ಅದಕ್ಕೇ ಎಫೆಕ್ಟ್‌ಗಳ (ದನಿಗೆ ಸೇರಿಸೋ ಪರಿಣಾಮಗಳ) ಲೆಕ್ಕವನ್ನು ಸುಮಾರು 200 ಮಿಲಿಸೆಕೆಂಡ್ ಮುಂಚೆಯೇ ಮುಗಿಸಿ ಇಟ್ಟುಕೊಳ್ಳುತ್ತದೆ. ಆದರೆ ಮಾನಿಟರಿಂಗ್ (ಒಳಬರೋ ದನಿಯನ್ನು ಆಗಲೇ ಕೇಳಿಸೋದು) ಜೊತೆ ರೆಕಾರ್ಡ್ ಆನ್ ಇದ್ದರೆ ಅಲ್ಲಿ ಯಾವ ಕ್ಷಣ ಬೇಕಾದರೂ ಹೊಸ ದನಿ ಬರಬಹುದು, ಆಗ ಎಲ್ಲ ಲೆಕ್ಕವೂ ಆ ಕ್ಷಣಕ್ಕೇ ಆಗಬೇಕು, 44,100 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ದನಿಯ 44,100 ಸ್ಯಾಂಪಲ್) ಬಫರ್ 128 ಸ್ಯಾಂಪಲ್ ಇದ್ದರೆ ಅದಕ್ಕೆ ಸಿಗೋದು ಬರೀ 3 ಮಿಲಿಸೆಕೆಂಡ್. ಹಾಡ್ತಿರೋ ಟ್ರ್ಯಾಕ್ ಮೇಲೇ ಭಾರಿ ರಿವರ್ಬ್ (ದನಿಗೆ ಗುಂಗು ಕೊಡೋ ಎಫೆಕ್ಟ್) ಇದ್ದರೆ ಈ ಉಪಾಯ ನಡೆಯೋದಿಲ್ಲ, ಆ ಟ್ರ್ಯಾಕ್‌ನ ದನಿ ಸೆಂಡ್ ಮೂಲಕ ಹೋಗಿ ಸೇರೋ ಬಸ್‌ಗಳೂ (ಬೇರೆ ಟ್ರ್ಯಾಕ್‌ಗಳ ದನಿ ಬಂದು ಸೇರೋ ಟ್ರ್ಯಾಕ್‌ಗಳು) ಲೈವ್ ಆಗಿಯೇ ಓಡ್ತವೆ, ಹಾಗಾಗಿ ಹಾಡಿ ಮುಗಿಯೋವರೆಗೆ ಆ ರಿವರ್ಬ್ ಅನ್ನು ಬೈಪಾಸ್ ಮಾಡಿಬಿಡಿ, ಅಂದರೆ ಸದ್ಯಕ್ಕೆ ಆಫ್ ಮಾಡಿಡಿ. ಇನ್ನೊಂದು ಮಾತು, ನಮ್ಮ ಕಲಬುರಗಿ ಬಿಸಿಲಿಗೆ ಮೇ ತಿಂಗಳ ಮಧ್ಯಾಹ್ನ ಲ್ಯಾಪ್‌ಟಾಪ್ ಕಾದು ಪ್ರೊಸೆಸರ್ ತಾನೇ ವೇಗ ಇಳಿಸಿಕೊಂಡಿದ್ದರೆ ಯಾವ ಬಟನ್ ಒತ್ತಿದರೂ ಅಷ್ಟೇ. ಆಗ ಮುಗಿದ ಟ್ರ್ಯಾಕ್‌ಗಳನ್ನು ಫ್ರೀಜ್ ಮಾಡಿ (ಎಫೆಕ್ಟ್ ಸಮೇತ ದನಿಯನ್ನು ಫೈಲ್ ಆಗಿ ಉಳಿಸಿಕೊಳ್ಳೋದು), ಇಲ್ಲಾ ಬೆಳಿಗ್ಗೆ ತಂಪು ಹೊತ್ತಲ್ಲಿ ಕೂತ್ಕೊಳ್ಳಿ.