ಬಿಸಿ ಸಾರು ಕವರ್‌ಗೆ ಸುರಿಯುವುದನ್ನು ನಿಲ್ಲಿಸಿದ್ದು ಹೀಗೆ

ಧಾರವಾಡದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಪಾರ್ಸೆಲ್ ಒಯ್ಯುವವರೇ ಜಾಸ್ತಿ. ಕುದಿಯುವ ಸಾರನ್ನು ತೆಳು ಪ್ಲಾಸ್ಟಿಕ್ ಕವರ್‌ಗೆ ಸುರಿದು ಗಂಟು ಹಾಕಿ ಕೊಡುವುದು ಎಲ್ಲ ಕಡೆ ಇರುವ ರೂಢಿ. ನಾವು ಅದನ್ನು ಪೂರ್ತಿ ಬಿಟ್ಟೆವು.

ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಿಪಿಎ (ಬಿಸ್ಫಿನಾಲ್ ಎ) ಎಂಬ ರಾಸಾಯನಿಕ ಇರುತ್ತದೆ, ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್‌ನಲ್ಲಿ ಅದನ್ನು ಮೆತ್ತಗಾಗಿಸುವ ಥ್ಯಾಲೇಟ್ ಎಂಬ ರಾಸಾಯನಿಕಗಳು. ಬಿಪಿಎ ದೇಹದೊಳಗೆ ಈಸ್ಟ್ರೋಜೆನ್ ಹಾರ್ಮೋನಿನಂತೆ ವರ್ತಿಸುತ್ತದೆ. ಅದು ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ತೆಳು ಕವರ್‌ನಲ್ಲಿ ಇವು ಇದ್ದೇ ಇರುತ್ತವೆ ಅಂತಲ್ಲ. ಆದರೆ ಮರುಬಳಕೆಯ ಪ್ಲಾಸ್ಟಿಕ್‌ನಲ್ಲಿ ಏನೇನು ಬೆರೆತಿದೆ ಅಂತ ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ಬಿಸಿ ಮತ್ತು ಎಣ್ಣೆ ಸೇರಿದರೆ ಇಂಥವು ಊಟಕ್ಕೆ ಇಳಿಯುವುದು ಹೆಚ್ಚು. ನಮ್ಮ ಎಣ್ಣೆಗಾಯಿಯಲ್ಲಿ ಎರಡೂ ಇವೆ!

ನನಗೆ ಧೈರ್ಯ ಕೊಟ್ಟದ್ದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆಯ 5 ಕುಟುಂಬಗಳ 20 ಜನ 3 ದಿನ ಡಬ್ಬಿ, ಪ್ಯಾಕೆಟ್ ಬಿಟ್ಟು ತಾಜಾ ಅಡುಗೆ ಉಂಡರು. ಮೂತ್ರದಲ್ಲಿನ ಬಿಪಿಎ ಸರಾಸರಿ ಶೇ. 66ರಷ್ಟು ಇಳಿಯಿತು. ಅಂದರೆ ಒಳಗೆ ಹೋಗುವುದು ನಿಂತರೆ ದೇಹ ಅದನ್ನು ಬೇಗ ಹೊರಹಾಕುತ್ತದೆ.

ಮೊದಲು ಸ್ಟೀಲ್ ಕ್ಯಾರಿಯರ್ ತಂದೆವು. ದಿನಾ ಒಯ್ಯುವವರಿಗೆ ಡೆಪಾಸಿಟ್ ಮೇಲೆ ಕೊಡುತ್ತೇವೆ, ಮರುದಿನ ಖಾಲಿ ಡಬ್ಬಿ ಕೊಟ್ಟು ತುಂಬಿದ್ದನ್ನು ಒಯ್ಯುತ್ತಾರೆ. ಮನೆಯಿಂದ ಪಾತ್ರೆ ತಂದವರಿಗೆ ಒಂದು ಸೌಟು ಪಲ್ಯ ಹೆಚ್ಚು. ರೊಟ್ಟಿಯನ್ನು ಬಾಳೆಲೆಯಲ್ಲಿ ಸುತ್ತುತ್ತೇವೆ. ಪೇಪರ್‌ನಲ್ಲಿ ಕಟ್ಟುವುದಿಲ್ಲ, ಮುದ್ರಣದ ಶಾಯಿ ಹತ್ತುತ್ತದೆ. ಕಷ್ಟವಾದದ್ದು ಹಾಸ್ಟೆಲ್ ಹುಡುಗರದ್ದು. "ಅಕ್ಕಾ, ಇವತ್ತೊಂದಿನ ಕವರ್‌ನಲ್ಲೇ ಹಾಕಿಕೊಡಿ" ಅಂತ ಗೋಗರೆಯುತ್ತಾರೆ. ಅವರಿಗಾಗಿಯೇ ಮುಚ್ಚಳ ಗಟ್ಟಿ ಕೂರುವ ಸಣ್ಣ ಸ್ಟೀಲ್ ಡಬ್ಬಿಗಳನ್ನು ಇಟ್ಟಿದ್ದೇವೆ. ಸೈಕಲ್ಲಿನ ಹ್ಯಾಂಡಲ್‌ಗೆ ತೂಗುಹಾಕಿದರೂ ಸಾರು ಚೆಲ್ಲುವುದಿಲ್ಲ.

ಇದರಿಂದ ಯಾರದೋ ಶುಗರ್ ಇಳಿಯಿತು, ಥೈರಾಯ್ಡ್ ಸರಿಹೋಯಿತು ಅಂತ ನಾನು ಹೇಳಲಾರೆ. ಅದಕ್ಕೆ ಡಾಕ್ಟರ ಬಳಿ ಹೋಗಲೇಬೇಕು. ಆದರೂ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಬಿಪಿಎಯ ಸುರಕ್ಷಿತ ಮಿತಿಯನ್ನು 20,000 ಪಟ್ಟು ತಗ್ಗಿಸಿದೆ. ಇನ್ನೂ ಕಾಯುವುದು ನನಗೆ ಸರಿ ಅನಿಸಲಿಲ್ಲ.

ಈಗ ಬಿಲ್ ಮಷಿನ್ ಕಡೆ ಕೈ ಹಾಕಿದ್ದೇವೆ. ಬಿಲ್‌ಗೆ ಬಳಸುವ, ಬಿಸಿಯಿಂದ ಅಕ್ಷರ ಮೂಡುವ ಹಲವು ಥರ್ಮಲ್ ಕಾಗದಗಳ ಲೇಪದಲ್ಲೂ ಬಿಪಿಎ ಅಥವಾ ಅದರ ತಮ್ಮನಂಥ ಬಿಪಿಎಸ್ ಇರುತ್ತದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದರೆ ಚರ್ಮದೊಳಗೆ ಇನ್ನೂ ಬೇಗ ಇಳಿಯುತ್ತದೆ. ಹಾಗಾಗಿ ಕೇಳಿದವರಿಗಷ್ಟೇ ಬಿಲ್ ಕೊಡುತ್ತೇವೆ. ಗಲ್ಲಾದಲ್ಲಿ ಕೂರುವ ಹುಡುಗಿ ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುತ್ತಾಳೆ.