ಸಿಂಕಿಗೆ ಸುರಿದ ಪುಟ್ಟ ಚಿಪ್ಪುಗಳು

ಒಂದು ವಾರದ ಕೆಲಸವನ್ನು ನಾನೇ ಕೈಯಾರೆ ಸಿಂಕಿಗೆ ಸುರಿದೆ. ಬೇಕಾಗಿದ್ದದ್ದು ಅದರಲ್ಲೇ ಇತ್ತು.

ಎಂಎಸ್2 ಎನ್ನುವುದು ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್. ಇದರ ಕೋಟ್ ಪ್ರೋಟೀನಿನ, ಅಂದರೆ ಹೊರಚಿಪ್ಪು ಕಟ್ಟುವ ಪ್ರೋಟೀನಿನ, ಜೀನ್ ಒಂದನ್ನೇ ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಹಾಕಿದರೆ ಸಾಕು, ಚಿಪ್ಪು ತಾನಾಗಿ ಕಟ್ಟಿಕೊಳ್ಳುತ್ತದೆ. 129 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಅದು. ಜೋಡಿ ಜೋಡಿಯಾಗಿ 180 ಪ್ರತಿಗಳು ಸೇರಿದರೆ ಸುಮಾರು 27 ನ್ಯಾನೋಮೀಟರ್ ಚಿಪ್ಪು. 37ನೇ ಜಾಗದ ಅಮೈನೋ ಆಮ್ಲ ಸೆರೀನ್ ತೆಗೆದು ಇನ್ನೊಂದು ಅಮೈನೋ ಆಮ್ಲ ಪ್ರೋಲೀನ್ ಕೂರಿಸಿದರೆ ಅದು 17 ನ್ಯಾನೋಮೀಟರಿಗೆ ಇಳಿಯುತ್ತದೆ ಎಂದು 2016ರಲ್ಲಿ ವರದಿಯಾಗಿತ್ತು. ನಾನು ಮಾಡಲು ಹೊರಟಿದ್ದು ಅದನ್ನೇ.

ಮ್ಯುಟೇಶನ್ ಮಾಡಿ, ಸೀಕ್ವೆನ್ಸ್ ನೋಡಿ ಖಾತ್ರಿ ಮಾಡಿಕೊಳ್ಳುವವರೆಗೆ ತೊಂದರೆ ಬರಲಿಲ್ಲ. ಎಡವಿದ್ದು ಕಾಲಂನಲ್ಲಿ. ಗಾತ್ರ ನೋಡಿ ಬೇರ್ಪಡಿಸುವ ಕಾಲಂನಲ್ಲಿ ದೊಡ್ಡದು ಮೊದಲು ಬರುತ್ತದೆ, ಚಿಕ್ಕದು ತಡವಾಗಿ. ನನ್ನ ಕೈ ಮಾತ್ರ ಅಭ್ಯಾಸಬಲದಿಂದ ಹಳೆ ಚಿಪ್ಪು ಬರುವ ಟ್ಯೂಬುಗಳನ್ನೇ ಎತ್ತಿಟ್ಟಿತು. ಗ್ರಾಫಿನಲ್ಲಿ ತಡವಾಗಿ ಬಂದ ಪೀಕ್ ನೋಡಿ 'ಮುರಿದ ಚೂರುಗಳು' ಅಂದುಕೊಂಡೆ!

ಎರಡನೇ ಸಲ ಎಲ್ಲ ಟ್ಯೂಬುಗಳನ್ನೂ ಇಟ್ಟುಕೊಂಡೆ. ಪ್ರೋಟೀನುಗಳನ್ನು ಬಿಚ್ಚಿ ಗಾತ್ರದ ಪ್ರಕಾರ ಬೇರ್ಪಡಿಸುವ ಎಸ್‌ಡಿಎಸ್ ಜೆಲ್‌ನಿಂದ ಏನೂ ತಿಳಿಯಲಿಲ್ಲ. ಅಲ್ಲಿ ಚಿಪ್ಪು ಬಿಚ್ಚಿಹೋಗುತ್ತದೆ, ಹಾಗಾಗಿ ಹಳೆಯದು, ಹೊಸದು ಎರಡರ ಬ್ಯಾಂಡೂ ಒಂದೇ ಕಡೆ. ಬೆಳಕು ಚದುರಿಸಿ ಗಾತ್ರ ಅಳೆಯುವ ಡಿಎಲ್‌ಎಸ್ ಯಂತ್ರ ಇನ್ನಷ್ಟು ಗೊಂದಲ ಮಾಡಿತು. ಕಣ ಭಾರವಾದಷ್ಟೂ ಚದುರುವ ಬೆಳಕು ವಿಪರೀತ ಜಾಸ್ತಿ. ಮೂರು ಪಟ್ಟು ಭಾರಕ್ಕೆ ಹೆಚ್ಚೂಕಡಿಮೆ ಒಂಬತ್ತು ಪಟ್ಟು ಬೆಳಕು. ಅಂಟಿಕೊಂಡ ನಾಲ್ಕಾರು ಗಂಟುಗಳೇ ಸಾವಿರಾರು ಪುಟ್ಟ ಚಿಪ್ಪುಗಳನ್ನು ಮರೆಮಾಡಿಬಿಡುತ್ತವೆ. ಸ್ಯಾಂಪಲನ್ನು ಸೆಂಟ್ರಿಫ್ಯೂಜ್ ಮಾಡದೆ ಬಂದ ಡಿಎಲ್‌ಎಸ್ ಅಂಕಿಯನ್ನು ನಾನು ಈಗ ನಂಬುವುದಿಲ್ಲ.

ಕೊನೆಗೆ ಕಣಗಳು ಎದ್ದು ಕಾಣಲು ಬಳಸುವ ಯುರೇನಿಲ್ ಅಸಿಟೇಟ್ ಹಚ್ಚಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಮ್ಯುಟೇಶನ್ ಇಲ್ಲದ ಚಿಪ್ಪನ್ನೂ ಅದೇ ದಿನ ಪಕ್ಕದ ಗ್ರಿಡ್‌ನಲ್ಲಿ (ಸ್ಯಾಂಪಲ್ ಇಡುವ ಪುಟ್ಟ ಜಾಲರಿ) ಇಟ್ಟಿದ್ದೆ. ಹೊಸ ಗ್ರಿಡ್ ತುಂಬ ಪುಟ್ಟ ಉಂಗುರಗಳು, ಎಲ್ಲವೂ ಒಂದೇ ಅಳತೆ. ಮುರಿದ ಚೂರುಗಳು ಇಷ್ಟು ಅಚ್ಚುಕಟ್ಟಾಗಿ ಇರುತ್ತವಾ?

ಲೆಕ್ಕ ಫುಟ್‌ಬಾಲಿನ ಐದು ಮೂಲೆ, ಆರು ಮೂಲೆ ತುಂಡುಗಳದ್ದೇ. ಹಳೆ ಚಿಪ್ಪಿನಲ್ಲಿ ಐದು ಪ್ರತಿಗಳ ಗುಂಪು 12, ಆರರ ಗುಂಪು 20, ಒಟ್ಟು 180 ಪ್ರತಿ. ಪ್ರೋಲೀನ್ ಬಂದರೆ ಜೋಡಿಗಳು ಒಂದಕ್ಕೊಂದು ಸೇರುವ ಕೋನ ಬದಲಾಗಿ, ಆರರ ಗುಂಪುಗಳೇ ಇರುವುದಿಲ್ಲ. ಉಳಿಯುವುದು ಐದರ 12 ಗುಂಪು, ಅಂದರೆ 60 ಪ್ರತಿ. ಇಷ್ಟು ಗೊತ್ತಿದ್ದೂ ಸುರಿದೆನಲ್ಲ, ಅದೇ ಬೇಜಾರು. ಈಗ ಮೈಕ್ರೋಸ್ಕೋಪಿನಲ್ಲಿ ನೋಡುವವರೆಗೆ ಒಂದು ಟ್ಯೂಬನ್ನೂ ಚೆಲ್ಲುವುದಿಲ್ಲ. ಫ್ರಿಜ್‌ನಲ್ಲಿ ಜಾಗ ಇಲ್ಲ ಅಂತ ಲ್ಯಾಬಿನವರು ಬೈಯುತ್ತಾರೆ.