ಫ್ರೆಂಚೋ, ಜರ್ಮನ್ನೋ, ಜಪಾನಿಯೋ? ಟಿಕ್ ಹಾಕುವ ಮುನ್ನ

ಬೆಂಗಳೂರಿನ ಅನೇಕ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಐದನೇ ತರಗತಿ ಮುಗಿಯುವ ಹೊತ್ತಿಗೆ ಮನೆಗೊಂದು ಫಾರ್ಮ್ ಬರುತ್ತದೆ: ಮೂರನೇ ಭಾಷೆ ಯಾವುದು? ‘ಯಾವುದರಲ್ಲಿ ಅಂಕ ಜಾಸ್ತಿ ಬರುತ್ತೆ’ ಎಂದು ಪಕ್ಕದ ಮನೆಯವರನ್ನು ಕೇಳಿ ಟಿಕ್ ಹಾಕುವವರೇ ಹೆಚ್ಚು. ಆದರೆ ಭಾಷೆ ಆರಿಸುವ ಮೊದಲು ಶಾಲೆ ಅದನ್ನು ಹೇಗೆ, ಎಲ್ಲಿಯವರೆಗೆ ಕಲಿಸುತ್ತದೆ ಎಂದು ತಿಳಿಯಬೇಕು.

ಎಲ್ಲಿಯವರೆಗೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಮೂರು ಭಾಷೆಗಳಲ್ಲಿ ಕನಿಷ್ಠ ಎರಡು ಭಾರತೀಯವಾಗಿರಬೇಕು. ಕರ್ನಾಟಕದಲ್ಲಿ ಶಾಲೆಗಳಲ್ಲಿ ಕನ್ನಡ ಕಲಿಸುವುದನ್ನು ಕಡ್ಡಾಯ ಮಾಡುವ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯೂ ಇದೆ. ಶಾಲೆ ಇಂಗ್ಲಿಷನ್ನು ಮೂರರಲ್ಲಿ ಒಂದಾಗಿ ಲೆಕ್ಕ ಹಾಕಿದರೆ ವಿದೇಶಿ ಭಾಷೆಗೆ ಉಳಿಯುವುದು ನಾಲ್ಕನೇ ಜಾಗ. ಹಾಗಾಗಿ ಎರಡು ಪ್ರಶ್ನೆಗಳಿಗೆ ಬರಹದಲ್ಲೇ ಉತ್ತರ ಕೇಳಿ: ಈ ಭಾಷೆ ಎಂಟಕ್ಕೆ ನಿಲ್ಲುತ್ತದೆಯೇ, ಹತ್ತರವರೆಗೆ ಇದೆಯೇ? ಬೋರ್ಡ್ ಪರೀಕ್ಷೆಗೆ ತೆಗೆದುಕೊಳ್ಳಬಹುದೇ? ವರ್ಗಾವಣೆಯ ನೌಕರಿಯಲ್ಲಿರುವವರು ಮುಂದಿನ ಊರಿನ ಶಾಲೆಯಲ್ಲೂ ಆ ಭಾಷೆ ಇದೆಯೇ ಎಂದು ನೋಡಿಕೊಳ್ಳಬೇಕು.

ಗಂಟೆಗಳ ಲೆಕ್ಕ

ವಾರಕ್ಕೆ 40 ನಿಮಿಷದ ಎರಡು ಪೀರಿಯಡ್, ವರ್ಷಕ್ಕೆ 35 ವಾರ ಎಂದರೆ ಸುಮಾರು 47 ಗಂಟೆ. ಮೂರು ವರ್ಷಕ್ಕೆ 140. ಯುರೋಪಿನ ಭಾಷೆಗಳ ಎ1ರಿಂದ ಸಿ2ವರೆಗಿನ ಮಾಪನದಲ್ಲಿ ಇದು ಹೆಚ್ಚೂಕಮ್ಮಿ ಎ1, ಅಂದರೆ ಮೊದಲ ಮೆಟ್ಟಿಲಿಗೆ ಸಾಕು. ಪರಿಚಯ ಹೇಳಿಕೊಳ್ಳುವುದು, ದಾರಿ ಕೇಳುವುದು, ಸಮಯ ಹೇಳುವುದು ಇಷ್ಟು ಬರುತ್ತದೆ. ಇಷ್ಟೇ ಕಲಿಕೆಯ ಬಲದ ಮೇಲೆ ‘ಜರ್ಮನಿಯಲ್ಲಿ ಓದಿಸೋಣ’ ಎಂದು ಲೆಕ್ಕ ಹಾಕಬೇಡಿ. ಅಲ್ಲಿ ಜರ್ಮನ್ ಮಾಧ್ಯಮದ ಪದವಿಗೆ ಸಾಮಾನ್ಯವಾಗಿ ಸಿ1 ಮಟ್ಟ ಬೇಕು.

ಟೀಚರ್ ಯಾರು?

ಇಡೀ ಆಯ್ಕೆಯಲ್ಲಿ ಅತಿ ಮುಖ್ಯವಾದದ್ದು ಇದೇ. ಕಲಿಸುವವರು ಬಿ2 ಮಟ್ಟ ಮುಗಿಸಿದ್ದಾರೆಯೇ, ಜಪಾನಿಯಾದರೆ ಆ ಭಾಷೆಯ ಮಟ್ಟದ ಪರೀಕ್ಷೆಯಲ್ಲಿ (ಎನ್5 ಅತಿ ಸುಲಭ, ಎನ್1 ಅತಿ ಕಠಿಣ) ಎನ್2 ಪಾಸಾಗಿದ್ದಾರೆಯೇ, ಈ ಶಾಲೆಯಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ವಿಚಾರಿಸಿ. ಏಳನೇ ತರಗತಿಯ ಒಂದು ನೋಟ್‌ಬುಕ್ಕನ್ನೂ ಹಿಂದಿನ ಪ್ರಶ್ನೆಪತ್ರಿಕೆಯನ್ನೂ ತರಿಸಿ ನೋಡಿ. ಪುಟಗಟ್ಟಲೆ ಕ್ರಿಯಾಪದದ ಪಟ್ಟಿ, ಇಂಗ್ಲಿಷ್ ಅನುವಾದ ಮಾತ್ರ ಕಂಡರೆ ಮಗು ಬಾಯಿಬಿಟ್ಟು ಮಾತಾಡುವ ಅಭ್ಯಾಸವೇ ಇಲ್ಲ ಎಂದರ್ಥ. ಕೇಳಿಸಿಕೊಂಡು ಬರೆಯುವ ಪ್ರಶ್ನೆಗೆ, ಮಾತಿನ ಪರೀಕ್ಷೆಗೆ ಅಂಕ ಇಟ್ಟಿದ್ದರೆ ಒಳ್ಳೆಯ ಲಕ್ಷಣ.

ಯಾವ ಭಾಷೆಯಲ್ಲಿ ಎಲ್ಲಿ ಎಡವುತ್ತಾರೆ

ಜರ್ಮನ್‌ನಲ್ಲಿ ನಾಲ್ಕು ವಿಭಕ್ತಿಗಳು. ‘ಮಗುವನ್ನು’, ‘ಮಗುವಿಗೆ’ ಎಂಬ ಭೇದ ಗೊತ್ತಿರುವ ಕನ್ನಡದ ಮಕ್ಕಳಿಗೆ ಇದು ಹೊಸದಲ್ಲ. ತೊಡಕಾಗುವುದು ಲಿಂಗ. ಕನ್ನಡದಲ್ಲಿ ಮೇಜೂ ದೀಪವೂ ನಪುಂಸಕ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕ. ಪದವನ್ನು ಮೊದಲ ದಿನದಿಂದಲೇ ಲಿಂಗ ತೋರಿಸುವ ಡೆರ್, ಡೀ, ಡಾಸ್ ಸಮೇತ ಮೂರು ಬಣ್ಣದ ಪೆನ್ನಿನಲ್ಲಿ ಬರೆಸಬೇಕು. ಪದ ಮೊದಲು, ಲಿಂಗ ಆಮೇಲೆ ಎಂದು ಬಿಟ್ಟರೆ ಎಂಟನೇ ತರಗತಿಯಲ್ಲಿ ವಾಕ್ಯವೆಲ್ಲ ಕುಸಿಯುತ್ತದೆ.

ಫ್ರೆಂಚ್‌ನಲ್ಲಿ ಬರೆದದ್ದೆಲ್ಲ ಉಚ್ಚಾರಕ್ಕೆ ಬರುವುದಿಲ್ಲ. ಒಂದೇ ಕ್ರಿಯಾಪದದ ಮೂರು ನಾಲ್ಕು ರೂಪಗಳು ಕಿವಿಗೆ ಒಂದೇ ಥರ ಕೇಳುತ್ತವೆ, ಆದ್ದರಿಂದ ಮಗು ಸರಿಯಾಗಿ ಕೇಳಿಸಿಕೊಂಡೂ ತಪ್ಪು ಬರೆಯುತ್ತದೆ. ದಿನಾ ನಾಲ್ಕೈದು ಸಾಲು ಉಕ್ತಲೇಖನವೇ ಇದಕ್ಕೆ ಮದ್ದು. ಸ್ಪ್ಯಾನಿಷ್ ಬಹುಮಟ್ಟಿಗೆ ಬರೆದಂತೆಯೇ ಓದುವ ಭಾಷೆ, ಶುರುವಿನಲ್ಲಿ ಸಲೀಸು.

ಜಪಾನಿಯ ವಾಕ್ಯರಚನೆ ನಮ್ಮದರಂತೆಯೇ. ‘ವತಾಶಿ ವಾ ಗಾಕ್ಕೋ ನಿ ಇಕಿಮಾಸು’: ನಾನು, ಶಾಲೆ, ಗೆ, ಹೋಗುತ್ತೇನೆ. ಕ್ರಿಯಾಪದ ಕೊನೆಗೆ, ‘ಗೆ’ ನಾಮಪದದ ನಂತರ. ಕಷ್ಟವೆಲ್ಲ ಲಿಪಿಯದು: ಹಿರಗಾನ ಅಕ್ಷರ 46, ಕತಕಾನ ಅಕ್ಷರ 46, ಮೇಲೆ ಚೀನೀ ಮೂಲದ ನಿತ್ಯಬಳಕೆಯ 2,136 ಕಾಂಜಿ ಚಿಹ್ನೆಗಳು. ದಿನಾ ಹತ್ತು ನಿಮಿಷ ಕೈಯಲ್ಲಿ ಬರೆಯುವ ತಾಳ್ಮೆಯಿರುವ ಮಗುವಿಗೆ ಮಾತ್ರ ಇದು ಒಗ್ಗುತ್ತದೆ.

ಮಗುವಿಗೆ ಕೇಳಿಸಿ

ಫಾರ್ಮ್ ಕೊಡುವ ಮುನ್ನ ಎರಡು ವಾರ, ದಿನಕ್ಕೆ 15 ನಿಮಿಷ, ಎರಡು ಭಾಷೆಗಳ ಹಾಡು, ಕಾರ್ಟೂನ್ ಹಾಕಿ. ಪರೀಕ್ಷೆ ಮಾಡಬೇಡಿ. ಆಟವಾಡುತ್ತಾ ಯಾವ ಭಾಷೆಯ ಪದ ತಾನಾಗಿ ಬಾಯಿಗೆ ಬರುತ್ತದೆ ಎಂದಷ್ಟೇ ಗಮನಿಸಿ. ಸ್ನೇಹಿತ ತೆಗೆದುಕೊಂಡ ಎಂದು ಹಠ ಹಿಡಿದರೆ ಒಮ್ಮೆ ಯೋಚಿಸಿ. ಮುಂದಿನ ವರ್ಷ ಸೆಕ್ಷನ್ ಬದಲಾದೀತು.

ಶಾಲೆಯ ಅಂಕಪಟ್ಟಿಯೊಂದನ್ನೇ ನಂಬದೆ ಎಂಟರ ಕೊನೆಗೆ ಹೊರಗಿನ ಪರೀಕ್ಷೆ ಕಟ್ಟಿಸಿ. ಜರ್ಮನ್‌ಗೆ ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನದ ‘ಫಿಟ್ ಇನ್ ಡಾಯ್ಚ್ 1’ (ಎ1 ಮಟ್ಟದ್ದು), ಫ್ರೆಂಚ್‌ಗೆ ಫ್ರೆಂಚ್ ಭಾಷಾ ಕೇಂದ್ರವಾದ ಅಲಿಯಾನ್ಸ್ ಫ್ರಾನ್ಸೇಸ್ ಮೂಲಕ ‘ಡೆಲ್ಫ್ ಜೂನಿಯರ್’ ಎ1. ಇವೆರಡರಲ್ಲೂ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ನಾಲ್ಕೂ ಇವೆ. ಜಪಾನಿಯ ಎನ್5ರಲ್ಲಿ ಮಾತು, ಬರವಣಿಗೆ ಎರಡೂ ಇಲ್ಲ, ಅವನ್ನು ಬೇರೆಯಾಗಿ ಅಭ್ಯಾಸ ಮಾಡಿಸಬೇಕು. ಒಂಬತ್ತರಲ್ಲಿ ಶಾಲೆ ಆ ಭಾಷೆಯನ್ನು ಕೈಬಿಟ್ಟರೂ ಎ1 ಪಾಸಾದ ಮಗು ಹೊರಗಿನ ತರಗತಿಯಲ್ಲಿ ನೇರವಾಗಿ ಎ2ಗೆ ಸೇರಬಹುದು.